ಬಾವಿಯಲ್ಲಿ ಎಷ್ಟು ಮೀನು?

31 ಜನವರಿ 2004, ಶನಿವಾರ

ಈ ನೋಟ್‌ಬುಕ್ಕಿನ ಮೊದಲ ಹದಿನಾಲ್ಕು ಪುಟಗಳಲ್ಲಿ ಬಿ.ಎ. ಮೊದಲ ವರ್ಷದ ಅರ್ಥಶಾಸ್ತ್ರ ಇದೆ. ಅಲ್ಲಿಗೆ ನನ್ನ ಓದೂ ನಿಂತಿತು, ಪುಸ್ತಕವೂ ನಿಂತಿತು. ಉಳಿದ ಹಾಳೆ ದಂಡ ಮಾಡುವುದೇಕೆಂದು ಇವತ್ತಿನಿಂದ ಬರೆಯುತ್ತೇನೆ. ಅಮ್ಮಿಗೆ ಉರ್ದು ಮಾತ್ರ ಬರುತ್ತದೆ, ಮಾಮುಗೆ ಉರ್ದು ಮತ್ತು ಇಂಗ್ಲಿಷು. ಮನೆಯ ಎದುರೇ ಕನ್ನಡ ಶಾಲೆ ಇತ್ತೆಂದು ಅಲ್ಲಿ ಓದಿದವಳು ನಾನೊಬ್ಬಳೇ. ಆದ್ದರಿಂದ ಇದಕ್ಕೆ ಬೀಗ ಬೇಕಿಲ್ಲ.

ಭಾಲ್ಕಿ ಬಸ್‌ಸ್ಟ್ಯಾಂಡಿನ ಎದುರು ಮುಜೀಬೋದ್ದೀನ ಮಾಮುವಿನ ಅಂಗಡಿ ‘ಗುಲಶನ ಕಂಪ್ಯೂಟರ್ಸ’. ನಾಲ್ಕು ಕಂಪ್ಯೂಟರ್, ಒಂದು ಫೋನ್ ಲೈನು, ಮತ್ತು ನಾನು. ಶನಿವಾರ ನಮ್ಮಲ್ಲಿ ಪುಣೆಯ ದಿನ. ಎರಡು ವರ್ಷ ಮಳೆ ಕೈಕೊಟ್ಟ ಮೇಲೆ ಒಂದೊಂದು ಊರಿನಿಂದಲೂ ಲಾರಿ ತುಂಬಿ ಜನ ಪುಣೆಯ ಕಟ್ಟಡ ಕೆಲಸಕ್ಕೆ ಹೋಗಿದ್ದಾರೆ. ಅಲ್ಲಿ ಉದಗೀರ ಕಡೆಯ ಯೂಸುಫ ಎಂಬವರು ನಮ್ಮಂಥದೇ ಅಂಗಡಿ ಇಟ್ಟಿದ್ದಾರೆ. ಶುಕ್ರವಾರ ಕೆಲಸಗಾರರು ಅವರ ಹತ್ತಿರ ಹೋಗುತ್ತಾರೆ. ಅವರು ಒಂದು ಫೋಟೋ ತೆಗೆದು, ಅರ್ಧ ನಿಮಿಷ ಮಾತು ತುಂಬಿಸಿ ನಮಗೆ ಕಳಿಸುತ್ತಾರೆ. ಶನಿವಾರ ಹಲಬರ್ಗಾ, ಸಾಯಗಾಂವಗಳಿಂದ ಮನೆಯವರು ಬಂದು ನೋಡಿ, ಕೇಳಿ ಹೋಗುತ್ತಾರೆ. ಹಲಬರ್ಗಾದ ಎಸ್‌ಟಿಡಿ ಡಬ್ಬಿ ದೀಪಾವಳಿಯಿಂದ ಮೂಕವಾಗಿದೆ. ಅಲ್ಲದೆ ಡಬ್ಬಿಯಲ್ಲಿ ಮುಖ ಕಾಣುವುದಿಲ್ಲ.

ಫೋಟೋ ಅಂಗೈಯಷ್ಟೂ ಇರುವುದಿಲ್ಲ, ಅದೂ ಮಸುಕು. ದನಿ ಖಾಲಿ ಕೊಡದೊಳಗಿಂದ ಬಂದಂತೆ. ಅದಕ್ಕೆ ನಾನೇ ಒಂದು ಪದ್ಧತಿ ಮಾಡಿದ್ದೇನೆ. ಕಿವಿಗೆ ಹೆಡ್‌ಫೋನ್ ಹಾಕಿ, ಮುಖವನ್ನು ಪರದೆಯ ಹತ್ತಿರ ತರಿಸಿ, ಅಲ್ಲಾಡಬೇಡಿ, ರೆಪ್ಪೆ ಬಡಿಯಬೇಡಿ ಎಂದು ಹೇಳುತ್ತೇನೆ. ಎಲ್ಲರೂ ಕಲಿತಿದ್ದಾರೆ. ನನ್ನನ್ನು ಬದ್ರವ್ವ ಎಂದು ಕರೆಯುವ ಹಲಬರ್ಗಾದ ಕಾಂತಾಬಾಯಿ ಎಲ್ಲರಿಗಿಂತ ಚೆನ್ನಾಗಿ ಕಲಿತಿದ್ದಾಳೆ. ಅವಳ ಗಂಡ ಮಾಣಿಕ ಪ್ರತಿ ಸಲವೂ “ಕಾಂತಾ, ಉಂಡಿಯಾ?” ಎಂದೇ ಶುರು ಮಾಡುತ್ತಾನೆ. ಅವಳು ಪರದೆಗೆ ಮೆಲ್ಲಗೆ “ಉಂಡೀನ್ರಿ” ಎನ್ನುತ್ತಾಳೆ. ಅದು ಅವನಿಗೆ ಕೇಳಿಸುವುದಿಲ್ಲವೆಂದು ನಾನು ಎರಡು ಸಲ ಹೇಳಿದೆ. ಈಗ ಬಿಟ್ಟಿದ್ದೇನೆ.

5 ಫೆಬ್ರವರಿ, ಗುರುವಾರ

ಮಾನ ಹೋಯಿತು.

ಬೀದರಿನ ಚೌಬಾರಾ ಗೋಪುರದ ಹತ್ತಿರದ ಕಂಪ್ಯೂಟರ್ ಅಂಗಡಿಯಲ್ಲಿ ಕೂರುವ ನನ್ನ ಚಿಕ್ಕಪ್ಪನ ಮಗ ಅಯ್ಯುಬ ಒಂದು ಮೇಲ್ ಕಳಿಸಿದ್ದ. ತೆರೆದರೆ ಒಂದು ಬಾವಿಯ ಚಿತ್ರ. ಕಲ್ಲಿನ ಮೆಟ್ಟಿಲು, ಅಂಚಿನವರೆಗೆ ತುಂಬಿದ ನೀರು. ಈ ವರ್ಷ ಅಷ್ಟು ನೀರನ್ನು ನಾನು ಕಣ್ಣಾರೆ ಎಲ್ಲೂ ಕಂಡಿಲ್ಲ. ಮೇಲೆ ಇಂಗ್ಲಿಷಿನಲ್ಲಿ, ಬಾವಿಯಲ್ಲಿ ಎಷ್ಟು ಮೀನಿವೆ ಎಣಿಸಿ, ಸಣ್ಣವು, ಹತ್ತಿರದಿಂದ ನೋಡಿ ಎಂದಿತ್ತು. ನಾನು ಬಗ್ಗಿ ಎಣಿಸಿದೆ. ಮೂರು ಸಿಕ್ಕವು. ನಾಲ್ಕನೆಯದನ್ನು ಹುಡುಕುವಾಗ ನೀರು ಹೋಗಿ ಪರದೆಯ ತುಂಬ ಒಂದು ಬಿಳಿ ಹೆಣದ ಮುಖ ಬಂತು. ಕಣ್ಣಿರಬೇಕಾದಲ್ಲಿ ತೂತು. ಕಿವಿಯೊಳಗೆ ಒಂದು ಚೀರಾಟ. ಕುರ್ಚಿಯ ಸಮೇತ ಹಿಂದಕ್ಕೆ ಬಿದ್ದೆ.

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಮಾಮು ಡರಪೋಕ ಎಂದು ತಲೆಯಾಡಿಸಿದರು. ಅದೇನು ಹೊಸ ಮಾತಲ್ಲ. ಹಲ್ಲಿ, ಹಿಂದಿನ ಗೋದಾಮು, ಯುಪಿಎಸ್ಸಿನ ಕೂಗು, ಎಲ್ಲಕ್ಕೂ ಹೆದರುವವಳು ನಾನು. ಮಾಮುಗಂತೂ ಎಲ್ಲಕ್ಕಿಂತ ಹೆಚ್ಚು. ಗಿರಾಕಿಯಿಂದ ಒಂದು ದೂರು ಬಂದರೆ ನೀನು ಮನೆಯಲ್ಲಿ ಕೂರಬೇಕು ಎಂದು ಮೊದಲ ದಿನವೇ ಹೇಳಿದ್ದಾರೆ. ಮನೆಯಲ್ಲಿ ಕೂತರೆ ಮುಂದಿನದು ಜಹೀರಾಬಾದಿನ ಟೈರ್ ಅಂಗಡಿಯವನ ಸಂಬಂಧ. ಅವನ ಫೋಟೋ ಅಮ್ಮಿಯ ಪೆಟ್ಟಿಗೆಯಲ್ಲಿದೆ.

ಸಂಜೆ ರೊಟ್ಟಿ ತಿನ್ನುವಾಗ ಅಮ್ಮಿಯ ಮುಖವನ್ನು ಹೆಚ್ಚು ಹೊತ್ತು ನೋಡಲು ಆಗಲಿಲ್ಲ. ನೋಡುತ್ತಾ ಇದ್ದರೆ ಅದೂ ಬದಲಾದೀತು ಎನಿಸಿತು.

9 ಫೆಬ್ರವರಿ, ಸೋಮವಾರ

ಅದನ್ನು ಒಂಬತ್ತು ಸಲ ನೋಡಿದೆ. ಬಾವಿ ತೆರೆದ ಕೂಡಲೆ ಒಂದು, ಎರಡು ಎಂದು ಎಣಿಸುತ್ತಾ ಹೋದರೆ ಹನ್ನೊಂದಕ್ಕೆ ಸರಿಯಾಗಿ ಮುಖ ಬರುತ್ತದೆ. ಹನ್ನೆರಡಕ್ಕೆ ಹೋಗುವುದಿಲ್ಲ, ಹತ್ತಕ್ಕೆ ಬರುವುದಿಲ್ಲ. ಲೆಕ್ಕ ಗೊತ್ತಾದ ಮೇಲೆ ಭಯವೇ ಇಲ್ಲ. ಹೆದರುವುದೆಂದರೆ ಇಷ್ಟೇ, ಲೆಕ್ಕ ಗೊತ್ತಿಲ್ಲದೆ ಇರುವುದು. ಇಷ್ಟು ವರ್ಷ ಇದು ನನಗೆ ಯಾರೂ ಹೇಳಿರಲಿಲ್ಲ.

12 ಫೆಬ್ರವರಿ, ಗುರುವಾರ

ಮೊದಲು ಪಕ್ಕದ ಅಂಗಡಿಯ ದರ್ಜಿ ಫಕ್ರೋದ್ದೀನ ಚಾಚಾ. ಬಾಯಲ್ಲಿ ಕಚ್ಚಿದ್ದ ಸೂಜಿ ಕೆಳಗೆ ಬಿತ್ತು, ಪುಣ್ಯಕ್ಕೆ ಒಳಗೆ ಹೋಗಲಿಲ್ಲ. ಆಮೇಲೆ ಕಾಲೇಜಿನ ನಾಲ್ಕು ಹುಡುಗಿಯರು. ಆಮೇಲೆ ತಹಸೀಲ ಕಚೇರಿಯ ಗುಮಾಸ್ತ, ಅಷ್ಟು ದೊಡ್ಡ ಮೀಸೆಯ ಮನುಷ್ಯ, “ಅವ್ವಾ” ಎಂದ. ನಗು ತಡೆಯಲಾಗದೆ ಗೋಡೆ ಕಡೆ ತಿರುಗಿದೆ. ಒಬ್ಬರು ಬಗ್ಗಿ ಎಣಿಸುತ್ತಿರುವಾಗ ಅವರ ಹಿಂದೆ ನಿಂತು ಮನಸ್ಸಿನಲ್ಲೇ ಎಂಟು, ಒಂಬತ್ತು, ಹತ್ತು ಎನ್ನುವುದರಲ್ಲಿ ಎಂಥ ಸುಖವಿದೆ! ಅಷ್ಟು ಹೊತ್ತು ಭಾಲ್ಕಿಯಲ್ಲಿ ಹೆದರದೆ ಇರುವವಳು ನಾನೊಬ್ಬಳೇ.

ಗುಮಾಸ್ತ ಬೈಯುತ್ತಾನೆ ಅಂದುಕೊಂಡೆ. ಮೀಸೆ ಸರಿಮಾಡಿಕೊಂಡು, ಇದನ್ನು ಫ್ಲಾಪಿಯಲ್ಲಿ ಹಾಕಿಕೊಡು, ಸಾಹೇಬರಿಗೆ ತೋರಿಸಬೇಕು ಎಂದ. ಎಲ್ಲರೂ ಹಾಗೆಯೇ. ಹೆದರಿದವನಿಗೆ ಮುಂದಿನವನು ಬೇಕು. ಮೂರು ದಿನದಲ್ಲಿ ಹದಿನಾರು ಫ್ಲಾಪಿ ಹೋದವು. ಮೇಲ್‌ನಲ್ಲಿ ಕಳಿಸುವಾಗ ಇಂಗ್ಲಿಷ್ ಅಕ್ಷರಗಳಲ್ಲೇ ನಾನು ಕನ್ನಡದ ಒಂದು ಸಾಲು ಸೇರಿಸಿದೆ: ಬಾವಿಯಲ್ಲಿ ಎಷ್ಟು ಮೀನು? ಮೂಗು ತಾಗುವಷ್ಟು ಹತ್ತಿರ ಬಂದು ಎಣಿಸಿ, ರೆಪ್ಪೆ ಬಡಿಯಬೇಡಿ. ಇಂಗ್ಲಿಷಿಗಿಂತ ಇದೇ ಚೆನ್ನಾಗಿ ಹಿಡಿಯುತ್ತದೆ. ಗಿರಾಕಿ ಹೆಚ್ಚಿದ್ದಾರೆಂದು ಮಾಮು ಖುಷಿಯಲ್ಲಿದ್ದಾರೆ.

18 ಫೆಬ್ರವರಿ, ಬುಧವಾರ

ಪ್ರಿಂಟರಿನ ಶಾಯಿ ತರಲು ಬೀದರಿಗೆ ಹೋಗಿದ್ದೆ. ಅಯ್ಯುಬನ ಅಂಗಡಿಯಲ್ಲಿ ಒಬ್ಬ ಗಿರಾಕಿ ನನಗೇ ಬಾವಿ ತೋರಿಸಲು ಬಂದ. ಅವನಿಗೆ ಔರಾದಿನ ಗೆಳೆಯ ಕಳಿಸಿದ್ದಂತೆ. ಕೆಳಗೆ ನನ್ನದೇ ಸಾಲು. ಬೀದರಿನಿಂದ ಭಾಲ್ಕಿಗೆ ಬಂದದ್ದು ಔರಾದಿಗೆ ಹೋಗಿ, ನನ್ನ ಮಾತು ಹೊತ್ತುಕೊಂಡು ಮತ್ತೆ ಬೀದರಿಗೆ ಬಂದಿದೆ. ನಾನು ಹುಟ್ಟಿದ ಮೇಲೆ ಇಷ್ಟು ತಿರುಗಿಲ್ಲ.

ಎಲ್ಲೋ ಒಂದು ಟ್ಯೂಷನ್ನಿನಲ್ಲಿ ಮಾಸ್ತರು ಇದನ್ನು ನೋಡಿ ಬಿದ್ದು ಕೈ ಮುರಿದುಕೊಂಡರೆಂದು ಅಯ್ಯುಬ ಹೇಳಿದ. ಇನ್ನೊಬ್ಬರು ಕಾಲು ಎಂದರು. ಎರಡೂ ಸುಳ್ಳೇ ಇರಬೇಕು. ಆದರೂ ಬಸ್ಸಿನಲ್ಲಿ ಬರುವಾಗ ಅದೇ ನೆನಪು ಬರುತ್ತಿತ್ತು. ಆ ಫ್ಲಾಪಿಗಳು ಎಲ್ಲೆಲ್ಲಿ ಹೋದವೋ ನನಗೆ ಗೊತ್ತಿಲ್ಲ.

21 ಫೆಬ್ರವರಿ, ಶನಿವಾರ

ಇವತ್ತು ಲೈನು ಬಹಳ ನಿಧಾನ. ಮಾಣಿಕನ ಫೋಟೋ ಮತ್ತು ಮಾತು ಇಳಿಯಲು ಹತ್ತು ನಿಮಿಷ ತೋರಿಸುತ್ತಿತ್ತು. ಕಾಂತಾಬಾಯಿ ಆಗಲೇ ಹೆಡ್‌ಫೋನ್ ಹಾಕಿಕೊಂಡು ಪರದೆಯ ಹತ್ತಿರ ಮುಖ ಇಟ್ಟು ಕೂತಿದ್ದಳು. ಖಾಲಿ ಪರದೆಯನ್ನೇ ನೋಡುತ್ತಿದ್ದಳು. ಅಲ್ಲಿಯವರೆಗೆ ಬೇಸರ ಬೇಡವೆಂದು ಬಾವಿ ತೆರೆದೆ.

ಬೇಸರ ಬೇಡವೆಂದೇ ತೆರೆದೆ.

ಅವಳಿಗೆ ಓದಲು ಬಾರದು. ಮೀನಿನ ಮಾತು ಹೇಳುವ ಮೊದಲೇ ಅವಳು ಬಗ್ಗಿದಳು. “ಎಷ್ಟ ನೀರ ಅದ ನೋಡ್ರಿ ಬದ್ರವ್ವಾ. ಇದು ಅವ್ರಿದ್ದ ಊರಿಂದೇನ್ರಿ?” ಎಂದಳು. ಮಾಣಿಕ ನೀರಿರುವ ಕಡೆ ಇದ್ದಾನೆಂದು ಅವಳ ಮುಖವೆಲ್ಲ ಅರಳಿತು. ನನ್ನ ಎಣಿಕೆ ಆಗಲೇ ಏಳಾಗಿತ್ತು. ಮುಚ್ಚಬಹುದಿತ್ತು. ಮುಚ್ಚಲಿಲ್ಲ.

ಅವಳು ಚೀರಿ ಎದ್ದಳು. ಹೆಡ್‌ಫೋನಿನ ವಯರು ಕೊರಳಿಗೆ ಸುತ್ತಿಕೊಂಡಿತು. ನಾನು ನಗಲಿಲ್ಲ, ಗೋಡೆ ಕಡೆ ತಿರುಗಿದ್ದೆ. ಏನಾಯಿತು ಎಂದು ಮಾಮು ಗಲ್ಲಾಪೆಟ್ಟಿಗೆಯ ಹತ್ತಿರದಿಂದ ಎದ್ದು ಬಂದರು. ಅವರನ್ನು ನೋಡಿ ನನ್ನ ಬಾಯಿಂದ ಉರ್ದುವಿನಲ್ಲಿ ಬಂದದ್ದು, ಲೈನು ಕೆಟ್ಟಿದೆ, ಮಶೀನು ಕೂಗಿತು ಎಂದು. ಕಾಂತಾಬಾಯಿ ಸೆರಗು ಬಾಯಿಗೆ ಒತ್ತಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ಓಡಿದಳು.

ಮಾಣಿಕನ ಮಾತು ಆಮೇಲೆ ಇಳಿಯಿತು. “ಕಾಂತಾ, ಉಂಡಿಯಾ? ಇಲ್ಲಿ ಕೆಲಸ ಮುಗೀತು. ಒಂದನೇ ತಾರೀಖಿಗೆ ನಮ್ಮನ್ನ ನಾಶಿಕ ಕಡಿ ಒಯ್ತಾರ. ಎಲ್ಲಿ ಅಂತ ನನಗೂ ತಿಳಿದಿಲ್ಲ. ಯುಗಾದಿಗಿ ನಾನೇ ಬರ್ತೇನಿ. ಅಲ್ಲೀತನ ನೀ ಎಲ್ಲೂ ಹೋಗಬ್ಯಾಡ.” ಇಷ್ಟೇ. ಮುಂದಿನ ಶನಿವಾರ ಬಂದಾಗ ಕೇಳಿಸುತ್ತೇನೆ.

28 ಫೆಬ್ರವರಿ, ಶನಿವಾರ

ಬರಲಿಲ್ಲ. ಈ ವಾರ ಪುಣೆಯಿಂದ ಮಾಣಿಕನ ಹೊಸ ಮಾತೂ ಬಂದಿಲ್ಲ.

2 ಮಾರ್ಚ್, ಮಂಗಳವಾರ

ಹಲಬರ್ಗಾದ ಗಿರಿಜಾಬಾಯಿ ರೇಶನ್ ಕಾರ್ಡಿನ ಅರ್ಜಿ ಟೈಪ್ ಮಾಡಿಸಲು ಬಂದಿದ್ದಳು. ಕಾಂತಾಬಾಯಿಯ ಮನೆಯ ಪಕ್ಕದ ಮನೆಯವಳು. ಸಹಜವಾಗಿ ಕೇಳಿದಂತೆ ಕೇಳಿದೆ.

ಮಾಣಿಕ ಸಾಯುವಾಗ ಹೆಂಡತಿಯನ್ನು ಕೂಗಿದನಂತೆ. ಅವಳು ತನ್ನ ಕಿವಿಯಿಂದಲೇ ಕೇಳಿದಳಂತೆ. ಸತ್ತ ಮುಖವನ್ನೂ ಕಂಡಳಂತೆ. ಊರೆಲ್ಲ ಒಪ್ಪಿದೆ. ನಾನು ಹಾಗಾಗಲು ಸಾಧ್ಯವಿಲ್ಲ ಎಂದೆ. ಗಿರಿಜಾಬಾಯಿ ನನ್ನನ್ನು ಸಣ್ಣ ಹುಡುಗಿಯಂತೆ ನೋಡಿದಳು. “ನಿಮ್ಮ ಕಂಪ್ಯೂಟರ ಡಬ್ಬಿದಾಗ ಇಷ್ಟ ದಿನಾ ಅವಂದ ದನಿ ಬರ್ತಿತ್ತಿಲ್ಲೋ? ಅವತ್ತ ಬ್ಯಾರೇದವ್ರದು ಯಾಕ ಬರ್ತದ್ರಿ?” ಎಂದಳು.

ಇದಕ್ಕಿದ್ದ ಒಂದೇ ಉತ್ತರವನ್ನು ಹೇಳೋಣವೆಂದರೆ ಮಾಮು ಎರಡು ಮಾರು ದೂರದಲ್ಲಿ ಕೂತಿದ್ದರು.

ಕಾಂತಾಬಾಯಿ ಗೋಡೆಯ ಮೇಲಿನ ಮದುವೆಯ ಫೋಟೋವನ್ನು ಹಿಂದುಮುಂದು ತಿರುಗಿಸಿ ಹಾಕಿದ್ದಾಳಂತೆ. ನೋಡುತ್ತಾ ನಿಂತರೆ ಅವನ ಮುಖ ಹಾಗೆ ಆಗುತ್ತದೆ ಎನ್ನುತ್ತಾಳಂತೆ. ನಿನ್ನೆ ಮಕ್ಕಳಿಬ್ಬರನ್ನೂ ಔರಾದಿನ ತವರಿಗೆ ಕರೆದುಕೊಂಡು ಹೋಗಿದ್ದಾಳೆ. ಅವರನ್ನು ಅಲ್ಲಿ ಬಿಟ್ಟು ಅಲ್ಲಿಂದಲೇ ಹೊರಡುವ ಗುರುವಾರದ ಲಾರಿಯಲ್ಲಿ ಪುಣೆಗೆ ಹೋಗುತ್ತಾಳೆ, ಹೆಣವಾದರೂ ಸಿಗಲಿ ಎಂದು.

ಗಿರಿಜಾಬಾಯಿಗೆ ಮಾಣಿಕನ ಮಾತು ಕೇಳಿಸಿದೆ. ಅವಳು ಕಣ್ಣೊರೆಸಿಕೊಂಡು, ಇದು ಚೀರುವ ಮೊದಲು ಹೇಳಿದ್ದೋ ಆಮೇಲೆ ಹೇಳಿದ್ದೋ ಎಂದು ಕೇಳಿದಳು. ಶುಕ್ರವಾರ ತುಂಬಿಸಿದ ಮಾತು, ಮೊದಲು ಹೇಳಿದ್ದೇ. ಹಾಗಾದರೆ ಇದರಿಂದ ಏನು ತಿಳಿಯಿತು ಎಂದಳು. ನಿಜ, ಏನೂ ತಿಳಿಯುವುದಿಲ್ಲ.

3 ಮಾರ್ಚ್, ಬುಧವಾರ

ಯೂಸುಫರಿಗೆ ನಿನ್ನೆಯೇ ಮೇಲ್ ಮಾಡಿದ್ದೆ. ಮಧ್ಯಾಹ್ನ ಉತ್ತರ ಬಂತು. ಸೋಮವಾರ ಎಲ್ಲರನ್ನೂ ಟೆಂಪೋದಲ್ಲಿ ಕರೆದೊಯ್ದಿದ್ದಾರೆ. ಮಾಣಿಕ ಚೆನ್ನಾಗಿದ್ದ, ಬೀಡಿ ಸೇದುತ್ತಾ ಹತ್ತಿದ. ಕಟ್ಟಡಕ್ಕೆ ಬೀಗ ಹಾಕಿದೆ. ವಿಳಾಸ ಯಾರಿಗೂ ಗೊತ್ತಿಲ್ಲ.

ಅಂದರೆ ಓದಲು ಬಾರದ, ಭಾಲ್ಕಿ ಔರಾದ ಬಿಟ್ಟು ಎಲ್ಲೂ ಹೋಗದ ಹೆಂಗಸು ಪುಣೆಯಲ್ಲಿ ಬೀಗ ಹಾಕಿದ ಗೇಟಿನ ಮುಂದೆ ಇಳಿಯುತ್ತಾಳೆ. ಕೇಳಿದರೆ ಹೇಳುವವರಿಲ್ಲ. ಅವಳು ವಾಪಸು ಬರುವುದಿಲ್ಲ, ಹುಡುಕುತ್ತಾ ಹೋಗುತ್ತಾಳೆ. ಯುಗಾದಿಗೆ ಮಾಣಿಕ ಬರುತ್ತಾನೆ, ಅವಳಿರುವುದಿಲ್ಲ. ಆಮೇಲೆ ಅವನು ಹುಡುಕುತ್ತಾ ಹೋಗುತ್ತಾನೆ. ಮಕ್ಕಳು ಔರಾದಿನಲ್ಲಿ.

ತಪ್ಪಾಗಿ ಒಂದೇ ಅರ್ಜಿಯನ್ನು ಮೂರು ಸಲ ಟೈಪ್ ಮಾಡಿದೆ. ಯಾರಿಂದಲಾದರೂ ಸುದ್ದಿ ಕಳಿಸಿದರೆ? ಏನೆಂದು? ಮಾಣಿಕ ಬದುಕಿದ್ದಾನೆಂದರೆ ನಂಬುವುದಿಲ್ಲ. ಆ ದನಿ ಯಾರದೆಂದು ಹೇಳಬೇಕು. ಹೇಳಿದರೆ ಯಾರು ಹಚ್ಚಿದರೆಂದು ಹೇಳಬೇಕು. ಗೊತ್ತಿರುವವಳು ನಾನೊಬ್ಬಳೇ.

4 ಮಾರ್ಚ್, ಗುರುವಾರ

ಹೊಟ್ಟೆನೋವು ಎಂದು ಮಾಮುಗೆ ಸುಳ್ಳು ಹೇಳಿ ಒಂಬತ್ತರ ಬಸ್ಸಿಗೆ ಔರಾದಿಗೆ ಹೋದೆ. ಒಬ್ಬಳೇ ಅಷ್ಟು ದೂರ ಹೋದದ್ದು ಇದೇ ಮೊದಲು. ಈಗ ಬರೆಯುವಾಗ ನೆನಪಾಯಿತು, ಬಸ್ಸಿನಲ್ಲಿ ಅದು ತಲೆಗೇ ಬಂದಿರಲಿಲ್ಲ. ಚೀಲದಲ್ಲಿ ಎರಡು ಪ್ರಿಂಟು ಇದ್ದವು. ಮಾಣಿಕನ ಫೋಟೋ, ಮತ್ತು ಆ ಬಾವಿ.

ಬಸ್‌ಸ್ಟ್ಯಾಂಡಿನ ಆಚೆ ಲಾರಿ ನಿಂತಿತ್ತು. ಗಂಟುಗಳು, ಕೊಡಗಳು, ಕಾಲು ಕಟ್ಟಿದ ಕೋಳಿಗಳು, ನಡುವೆ ಜನ. ಕಾಂತಾಬಾಯಿ ಆಗಲೇ ಮೇಲೆ ತನ್ನ ಗಂಟಿನ ಮೇಲೆ ಕೂತಿದ್ದಳು. ನನ್ನನ್ನು ಕಂಡವಳೇ ಇಳಿದು ಬಂದಳು. ಹನ್ನೆರಡು ದಿನದಲ್ಲಿ ಅರ್ಧ ಆಗಿದ್ದಾಳೆ. “ಸುದ್ದಿ ಬಂತೇನ್ರಿ?” ಎಂದು ಕೇಳಿದಳು. ಯಾವ ಸುದ್ದಿ ಎಂದು ಅವಳ ಕಣ್ಣೇ ಹೇಳುತ್ತಿತ್ತು.

ಮಾಣಿಕ ಚೆನ್ನಾಗಿದ್ದಾನೆ ಎಂದು ಫೋಟೋ ತೆಗೆದೆ. ಅವಳು ತಟ್ಟನೆ ಮುಖ ತಿರುಗಿಸಿ, ಅದನ್ನು ಒಳಗೆ ಇಡಿ ಎಂದಳು. ಕೈ ಅಡ್ಡ ಹಿಡಿದಳು, ಬೆಂಕಿಗೆ ಹಿಡಿಯುವಂತೆ.

ಆಗ ಬಾವಿಯ ಚಿತ್ರ ತೆಗೆದು ಮುಂದೆ ಹಿಡಿದು ಹೇಳಿದೆ. “ಅದು ಮಾಣಿಕರಾವ್ರ ದನಿ ಅಲ್ಲರಿ. ಅದೊಂದು ಆಟ. ಹನ್ನೊಂದು ಎಣಿಸೋದ್ರಾಗ ಮುಖಾ ಬರ್ತದ, ಚೀರ್ತದ. ಎಲ್ಲಾರಿಗೂ ಅಷ್ಟೇ ಬರ್ತದ. ನಾನೇ ಹಚ್ಚಿದ್ನಿ. ಬೇಕಂತ ಹಚ್ಚಿದ್ನಿ.”

ಸುತ್ತ ಇದ್ದವರು ಕೇಳಿಸಿಕೊಂಡರು. ಕಾಂತಾಬಾಯಿ ಬೈಯಲಿಲ್ಲ. ನನಗೆ ಅರ್ಥವಾಗಲೆಂದು ಬಿಡಿಸಿ ಬಿಡಿಸಿ ಹೇಳಿದಳು.

“ನಾ ಚೀರಿ ನಿಮ್ಮ ಕಡಿ ತಿರುಗಿದ್ನಿ. ನೀವ್ ನಗಲಕತ್ತಿದ್ರಿ. ನನಗ ಕೇಳಿದ್ದು ನಿಮಗೂ ಕೇಳಿತ್ತಂದ್ರ ನಗ್ತಿದ್ರೇನ್ರಿ? ಯಾವ ಮನಷ್ಯಾರೂ ನಗಂಗಿಲ್ಲ. ಅದಕ್ಕ ಅನ್ಕೊಂಡ್ನಿ, ಅದು ನನಗ ಒಬ್ಬಾಕಿಗೇ ಕೇಳ್ಯಾದ. ನನಗ ಒಬ್ಬಾಕಿಗೇ ಕೇಳ್ಯಾದ ಅಂದ್ರ ಅದು ಅವ್ರದೇ ದನಿ.”

ಊರು ನಂಬಿದ್ದು ಡಬ್ಬಿಯನ್ನು. ಅವಳು ನಂಬಿದ್ದು ನನ್ನ ಮುಖವನ್ನು.

ಲಾರಿಯವನು ಹಾರ್ನ್ ಹೊಡೆದ. ನಿಮ್ಮ ಅಮ್ಮಿಯ ಮೇಲೆ ಆಣೆ ಹಾಕಿ ಎಂದಳು. ಹಾಕಿದೆ. ನಕ್ಕಿದ್ದು ಖರೆಯೇನು ಎಂದು ಕೇಳಿದಳು. ಖರೆ ಎಂದೆ. ಅವಳು ಲಾರಿ ಹತ್ತಿ ಗಂಟನ್ನು ತಾನೇ ಎಳೆದು ಇಳಿಸಿದಳು. ನಾನು ಇನ್ನೊಂದು ತುದಿ ಹಿಡಿಯಲು ಹೋದೆ, ಬಿಡಲಿಲ್ಲ. ಗಂಟು ತಲೆಯ ಮೇಲೆ ಹೊತ್ತು ತವರಿನ ಓಣಿಗೆ ಹೊರಟಳು. ಶನಿವಾರ ಬರುತ್ತೇನೆ ಎಂದು ಹೇಳುವಾಗಲೂ ಹಿಂದೆ ತಿರುಗಲಿಲ್ಲ.

ಇಪ್ಪತ್ತೊಂದನೇ ತಾರೀಖಿನ ಪುಟ ತೆಗೆದು ನೋಡಿದೆ. ನಾನು ನಗಲಿಲ್ಲ ಎಂದು ಬರೆದಿದ್ದೇನೆ. ಯಾರೂ ಓದಲಾರದ ಪುಸ್ತಕದಲ್ಲಿ ಯಾರಿಗಾಗಿ ಬರೆದೆನೋ. ಹೊಡೆದುಹಾಕುವುದಿಲ್ಲ, ಹಾಗೇ ಇರಲಿ.

6 ಮಾರ್ಚ್, ಶನಿವಾರ

ಅಂಗಡಿ ತೆರೆಯುವಾಗಲೇ ಮಾಮುಗೆ ಎಲ್ಲ ಹೇಳಿದೆ. ಅವರು ಕೂಗಾಡಲಿಲ್ಲ. ಎಷ್ಟು ಫ್ಲಾಪಿ ಹೋಗಿವೆ ಎಂದು ಕೇಳಿದರು. ಹದಿನಾರರ ಮೇಲೆ ಲೆಕ್ಕ ಇಟ್ಟಿಲ್ಲ ಎಂದೆ. ಈ ತಿಂಗಳು ಮುಗಿಸು, ಮುಂದೆ ಅಯ್ಯುಬ ಬರುತ್ತಾನೆ ಎಂದರು. ಅಮ್ಮಿ ಜಹೀರಾಬಾದಿನವನ ಫೋಟೋ ಇರುವ ಪೆಟ್ಟಿಗೆ ತೆರೆಯಬಹುದು. ತೆರೆಯಲಿ, ಆಗ ನೋಡೋಣ.

ನಾಲ್ಕೂ ಕಂಪ್ಯೂಟರಿನಿಂದ ಬಾವಿಯನ್ನು ಅಳಿಸಿದೆ. ಮೇಲ್ ತೆರೆದರೆ ಲಾತೂರಿನ ಯಾರೋ ಅಪರಿಚಿತರು ಅದನ್ನೇ ಕಳಿಸಿದ್ದಾರೆ. ಮೂಗು ತಾಗುವಷ್ಟು ಹತ್ತಿರ ಬಂದು ಎಣಿಸಿ, ರೆಪ್ಪೆ ಬಡಿಯಬೇಡಿ. ಯಾಕೋ ತೆರೆದೆ. ಒಂದರಿಂದ ಸರಿಯಾಗಿ ಎಣಿಸುತ್ತಾ ಹೋದೆ. ಹನ್ನೊಂದಕ್ಕೆ ಬರುತ್ತದೆಂದು ಗೊತ್ತಿದ್ದೂ ಕುರ್ಚಿ ಗಟ್ಟಿಯಾಗಿ ಹಿಡಿದುಕೊಂಡೆ. ಲೆಕ್ಕ ಈಗ ಕೆಲಸಕ್ಕೆ ಬರುತ್ತಿಲ್ಲ.

ಕಾಂತಾಬಾಯಿ ಹನ್ನೆರಡು ಗಂಟೆಗೆ ಬಂದಳು. ಮಕ್ಕಳಿಬ್ಬರೂ ಜೊತೆಗಿದ್ದರು, ಅವರನ್ನು ಬಾಗಿಲ ಹತ್ತಿರ ಕೂರಿಸಿದಳು. ಕುರ್ಚಿಯನ್ನು ಪರದೆಗೆ ಬೆನ್ನು ಮಾಡಿ ತಿರುಗಿಸಿಕೊಂಡು ನನ್ನೆದುರು ಕೂತಳು. ಹೆಡ್‌ಫೋನ್ ಕೊಟ್ಟೆ. ಅವಳು ಅದನ್ನು ಅಗಲಿಸಿ ಒಂದು ಬದಿಯನ್ನು ತನ್ನ ಕಿವಿಗೆ ಒತ್ತಿ, ಇನ್ನೊಂದನ್ನು ನನ್ನ ಕಿವಿಗೆ ಹಿಡಿದಳು.

“ಇನ್ಮ್ಯಾಲ ಇಬ್ಬರಿಗೂ ಕೇಳಬೇಕ್ರಿ” ಎಂದಳು.

ಮಾತು ಹಚ್ಚಿದೆ. ಕಾಂತಾ, ಉಂಡಿಯಾ? ಅವಳು ಉತ್ತರ ಕೊಡಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದಳು, ನಾನೇ ಕಲಿಸಿದ ಹಾಗೆ, ಹತ್ತಿರದಿಂದ, ಅಲ್ಲಾಡದೆ, ರೆಪ್ಪೆ ಬಡಿಯದೆ. ಕೆಲಸ ಮುಗಿದ ಸುದ್ದಿ, ನಾಶಿಕದ ಸುದ್ದಿ, ಎಲ್ಲ ನಮ್ಮಿಬ್ಬರ ಕಿವಿಯಲ್ಲೂ ಹೋಗುತ್ತಿತ್ತು. ಅವಳ ತುಟಿ ಮಾತ್ರ ಸಣ್ಣಗೆ ಅಲುಗುತ್ತಿತ್ತು. ಪ್ರಾರ್ಥನೆ ಮಾಡುತ್ತಿದ್ದಾಳೆ ಅಂದುಕೊಂಡೆ. ಆಮೇಲೆ ತಿಳಿಯಿತು, ಎಣಿಸುತ್ತಿದ್ದಾಳೆ. ಎಂಟು, ಒಂಬತ್ತು, ಹತ್ತು. ನನ್ನ ಮುಖದಲ್ಲಿ ಏನು ಬರುತ್ತದೋ ಎಂದು ನನಗೇ ಹೆದರಿಕೆಯಾಯಿತು. ಹನ್ನೊಂದು ದಾಟಿತು. ಅವಳು ನಿಲ್ಲಿಸಲಿಲ್ಲ.

ಯುಗಾದಿಗೆ ಬರುತ್ತೇನೆ ಎಂದು ಹೇಳಿ ಮಾಣಿಕನ ದನಿ ಮುಗಿಯಿತು. ಕಾಂತಾಬಾಯಿ ಕಣ್ಣು ತೆಗೆಯದೆಯೇ, “ಇನ್ನೊಮ್ಮಿ ಹಚ್ರಿ” ಎಂದಳು.

ಹಚ್ಚಿದೆ.